ವಿದುರಾಶ್ವತ್ಥಕ್ಕೆ ಎರಡನೆಯ ಗೇರಿನಲ್ಲಿ

ಹಳೆಯ ಕಾರು ಕೊಳ್ಳುವವರಲ್ಲಿ ಎರಡು ಬಗೆ. ಒಳಗನ್ನು ಅರಿತು ಕೊಳ್ಳುವವರು ಒಂದು ಬಗೆ. ಹೊರಗಿನ ಬಣ್ಣಕ್ಕೆ ಮರುಳಾಗಿ ಕೊಂಡು, ಆಮೇಲೆ ನಿಧಾನವಾಗಿ ಒಳಗನ್ನು ಅರಿಯುವವರು ಇನ್ನೊಂದು ಬಗೆ. ಕನ್ನಡದಲ್ಲಿ ಎಂ.ಎ. ಮಾಡಿ, ಹತ್ತು ವರ್ಷಗಳಿಂದ ಕಾಲೇಜಿನ ಹುಡುಗರಿಗೆ ಸಂಧಿ ಸಮಾಸಗಳನ್ನು ಬಿಡಿಸಿ ತೋರಿಸುತ್ತಿರುವ ನಾನು ಎರಡನೆಯ ಬಗೆಗೆ ಸೇರಿದವನೆಂದು ಬೇರೆ ಹೇಳಬೇಕಾಗಿಲ್ಲ. ಇದು ಆ ಕಾರಿನ ಕಥೆ. ಅದಕ್ಕಿಂತ ಹೆಚ್ಚಾಗಿ, ಆ ಕಾರು ನಮ್ಮನ್ನು ಕರೆದೊಯ್ದ, ನಡುದಾರಿಯಲ್ಲಿ ಕೈಬಿಟ್ಟ, ಕೊನೆಗೂ ಮುಟ್ಟಿಸಿದ ಊರುಗಳ ಕಥೆ.

ಕಾರು ಬಂದ ಕಾರಣ

ನಮ್ಮ ತಂದೆಯವರು ನಿವೃತ್ತ ಉಪಾಧ್ಯಾಯರು. ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಮಗ್ಗಿ ಹೇಳಿಸಿ, ಈಗ ಚಿಕ್ಕಬಳ್ಳಾಪುರದ ನಮ್ಮ ಮನೆಯ ಜಗಲಿಯ ಮೇಲೆ ಪತ್ರಿಕೆ ಓದುತ್ತ ಕಾಲ ಕಳೆಯುತ್ತಿದ್ದಾರೆ. ವಯಸ್ಸು ಎಪ್ಪತ್ತೆರಡು ದಾಟಿದೆ. ಕಣ್ಣು ಚುರುಕು, ನೆನಪು ಇನ್ನೂ ಚುರುಕು. ಮೊಣಕಾಲುಗಳು ಮಾತ್ರ ಅವರ ಮಾತನ್ನು ಕೇಳುವುದಿಲ್ಲ.

ಅವರಿಗೆ ವರ್ಷಕ್ಕೊಂದು ವ್ರತವಿತ್ತು. ಏಪ್ರಿಲ್ ತಿಂಗಳ ೨೫ನೆಯ ತಾರೀಕು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕೆ ಹೋಗಿಬರುವುದು. ೧೯೩೮ರ ಆ ದಿನ ಅಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ನಮ್ಮ ಅಜ್ಜ ಆಗ ಇಪ್ಪತ್ತರ ತರುಣ. ಆ ಗುಂಪಿನಲ್ಲಿ ನಿಂತಿದ್ದವರು. ನದಿಯ ಮರಳಿನಲ್ಲಿ ಅಂಗಾತ ಬಿದ್ದು ಬದುಕಿಕೊಂಡರಂತೆ. ತಾವು ಬದುಕಿರುವವರೆಗೂ ಆ ದಿನ ಅಲ್ಲಿಗೆ ಹೋಗಿ ಒಂದು ಹೂ ಇಟ್ಟು ಬರುತ್ತಿದ್ದರು. ಸಾಯುವ ಮುಂಚೆ ಮಗನಿಗೆ ಹೇಳಿದ್ದು ಒಂದೇ ಮಾತು: "ನನ್ನ ಬದಲು ನೀನು ಹೋಗ್ತಿರು."

ತಂದೆಯವರು ಹೋಗುತ್ತಲೇ ಇದ್ದರು. ಮೂರು ವರ್ಷದ ಹಿಂದೆ ಅದು ತಪ್ಪಿತು. ಮರುವರ್ಷ ಆ ದಿನ ಅವರು ಮಧ್ಯಾಹ್ನದವರೆಗೆ ಏನೂ ತಿನ್ನಲಿಲ್ಲ. ಕಳೆದ ವರ್ಷ ನಮಗಾರಿಗೂ ಹೇಳದೆ ಬೆಳಗ್ಗೆ ಕೈಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೋದರು. ಕಂಡಕ್ಟರನು ಕೈ ನೀಡಿದರೂ ಬಸ್ಸಿನ ಮೊದಲ ಮೆಟ್ಟಿಲನ್ನು ಹತ್ತಲಾಗಲಿಲ್ಲ. ಆಟೋದಲ್ಲಿ ಹಿಂದಿರುಗಿ ಬಂದು, ಚೀಲವನ್ನು ಮೊದಲಿದ್ದ ಗೂಟಕ್ಕೇ ನೇತುಹಾಕಿ, ಪತ್ರಿಕೆ ಕೈಗೆತ್ತಿಕೊಂಡರು. ಚೀಲದೊಳಗೆ ಬಾಳೆಯೆಲೆಯಲ್ಲಿ ಸುತ್ತಿದ ಸೇವಂತಿಗೆ ಹೂ ಇತ್ತು. ಅಂದು ರಾತ್ರಿ ನನ್ನ ಶ್ರೀಮತಿ, "ಅಡಿಗೆಮನೆ ರಿಪೇರಿ ಇನ್ನೊಂದು ವರ್ಷ ತಡೆಯುತ್ತೆ ರೀ, ಮಾವನವರಿಗೆ ಒಂದು ಕಾರು ನೋಡಿ" ಎಂದಳು.

ಹೀಗೆ ನಮ್ಮ ಮನೆಗೆ ಬಂದದ್ದು ಎಂಬತ್ತರ ದಶಕದ ಒಂದು ಪ್ರೀಮಿಯರ್ ಪದ್ಮಿನಿ. ಈಗಿನ ಕಾಲದ ಕಾರನ್ನು ಬಿಟ್ಟು ಇದೇಕೆ ಎಂದು ಗೆಳೆಯರು ನಕ್ಕರು. ನನ್ನಲ್ಲಿ ಎರಡು ಕಾರಣಗಳಿದ್ದವು. ಮೊದಲನೆಯದು, ಈ ಕಾರಿನ ಗೇರಿನ ಹಿಡಿಯು ಸ್ಟೀರಿಂಗಿನ ಪಕ್ಕದಲ್ಲೇ ಇರುವುದು. ಅದಕ್ಕೆ ಜನ 'ಹ್ಯಾಂಡ್ ಗೇರ್' ಎನ್ನುತ್ತಾರೆ. ಮುಂದಿನ ಆಸನ ಬೆಂಚಿನಂತೆ ಉದ್ದವಾಗಿದ್ದು ಕಾಲಿನ ಬಳಿ ಏನೂ ಅಡ್ಡವಿಲ್ಲ. ತಂದೆಯವರು ಮೊಣಕಾಲನ್ನು ಬೇಕಾದ ಕಡೆಗೆ ನೀಡಿ ಕೂರಬಹುದು.

ಎರಡನೆಯ ಕಾರಣ ನಮ್ಮೂರಿನ ಅಭಿಮಾನ. ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು; ೧೯೬೨ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯಾದದ್ದೂ ಅಲ್ಲೇ. ಅವರು ಕಟ್ಟೆ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಕಾರು ಕಟ್ಟಿಸಲು ಹೊರಟಿದ್ದು ಅನೇಕರಿಗೆ ಗೊತ್ತಿಲ್ಲ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ೧೯೩೦ರ ದಶಕದಲ್ಲಿ, ಎಪ್ಪತ್ತು ಮೀರಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಯೋಜನೆಯನ್ನೇ ಬರೆದರು. ಅಂದಿನ ಬ್ರಿಟಿಷ್ ಆಡಳಿತ ಅದಕ್ಕೆ ಒತ್ತಾಸೆಯಾಗಲಿಲ್ಲ. ಅವರೊಡನೆ ಆ ಕನಸಿಗೆ ಹೆಗಲು ಕೊಟ್ಟಿದ್ದ ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದ ಆ ಕಾರ್ಖಾನೆಯಿಂದಲೇ ಇಟಲಿಯ ಫಿಯಟ್ ಮಾದರಿಯ ಈ ಕಾರು ಹೊರಬಂದು, ೧೯೭೦ರ ದಶಕದಲ್ಲಿ 'ಪದ್ಮಿನಿ' ಎಂಬ ಹೆಸರು ಪಡೆಯಿತು. ಅದರ ತಯಾರಿಕೆ ನಿಂತು ಎರಡು ದಶಕ ಮೀರಿತು. ಮುಂಬಯಿಯ ಟ್ಯಾಕ್ಸಿಗಳಲ್ಲಿ ಉಳಿದಿದ್ದ ಪದ್ಮಿನಿಗಳೂ ೨೦೨೩ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾದವು. ಮುದ್ದೇನಹಳ್ಳಿಯ ನೆರೆಯವನಾದ ನಾನು ಒಂದನ್ನಾದರೂ ಉಳಿಸಿಕೊಂಡರೆ ತಪ್ಪೇನು?

ಮಾರಿಸಿಕೊಟ್ಟ ಬೆಂಗಳೂರಿನ ದಲ್ಲಾಳಿ, "ಗೇರ್‌ಬಾಕ್ಸ್ ಬೆಣ್ಣೆ ಇದ್ದಂಗಿದೆ ಸಾರ್" ಎಂದಿದ್ದ. ಈ ಬೆಣ್ಣೆಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಮೂಡಣ ದಾರಿ

ಮಾರ್ಚ್ ತಿಂಗಳ ಒಂದು ಭಾನುವಾರ ಕಾರನ್ನು ಪರೀಕ್ಷಿಸಿದಂತೆಯೂ ಆಯಿತು, ತಂದೆಯವರಿಗೆ ತಾವು ದುಡಿದ ಊರುಗಳನ್ನು ತೋರಿಸಿದಂತೆಯೂ ಆಯಿತು ಎಂದು ಮೂವರೂ ಹೊರಟೆವು. ಚಿಕ್ಕಬಳ್ಳಾಪುರದ ಬೆಳಗನ್ನು ನೋಡಬೇಕು. ಒಂದೆಡೆ ನಂದಿಬೆಟ್ಟ, ಇನ್ನೊಂದೆಡೆ ಸ್ಕಂದಗಿರಿ. ಎರಡರ ಹೆಗಲ ಮೇಲೂ ಮಂಜಿನ ವಲ್ಲಿ. ಕಂದವಾರ ಕೆರೆಯ ಮೇಲಿಂದ ತಣ್ಣನೆಯ ಗಾಳಿ. ದ್ರಾಕ್ಷಿಯ ಚಪ್ಪರಗಳು, ಗುಲಾಬಿಯ ತೋಟಗಳು, ಹೂವಿನ ಮೂಟೆ ಹೊತ್ತ ಟೆಂಪೊಗಳು. ಮೈದುಂಬಿ ಹರಿಯುವ ಹೊಳೆಯೊಂದೂ ಇಲ್ಲದ ಈ ಸೀಮೆಯಲ್ಲಿ ಜನ ಕೆರೆಯನ್ನೂ ಬಾವಿಯನ್ನೂ ಕೊಳವೆಬಾವಿಯನ್ನೂ ನಂಬಿ ಇಷ್ಟು ಹಸಿರನ್ನು ಹೇಗೆ ಎಬ್ಬಿಸಿದರೋ ಎಂದು ಬೆರಗಾಗುತ್ತದೆ. ವಿಚಿತ್ರವೆಂದರೆ ಪಿನಾಕಿನಿ, ಪಾಲಾರ್, ಅರ್ಕಾವತಿ ಮೊದಲಾದ ನದಿಗಳು ಹುಟ್ಟುವುದು ಈ ನಂದಿಯ ಆಸುಪಾಸಿನ ಬೆಟ್ಟಸಾಲುಗಳಲ್ಲೇ. ಹೆತ್ತ ಮನೆಯಲ್ಲಿ ನಿಲ್ಲದೆ ಕೊಟ್ಟ ಮನೆಗೆ ಹರಿದುಹೋಗುವ ಹೆಣ್ಣುಮಕ್ಕಳಂತೆ ಅವು ನೆರೆನಾಡುಗಳತ್ತ ಹೋಗಿಬಿಡುತ್ತವೆ.

ಪೂರ್ವಕ್ಕೆ ಹದಿನೈದು ಕಿಲೋಮೀಟರಿನಷ್ಟು ಸಾಗಿದರೆ ಶಿಡ್ಲಘಟ್ಟ. ಊರು ಇನ್ನೂ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ: ಬೇಯುವ ರೇಷ್ಮೆಗೂಡಿನ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ತಂದೆಯವರು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು. "ಇದು ನನ್ನ ಸಂಬಳದ ದಿನಗಳ ವಾಸನೆ" ಎಂದರು. ಗೂಡಿನ ಮಾರುಕಟ್ಟೆಯಲ್ಲಿ ಜಾಲರಿಗಳ ತುಂಬ ಬಿಳಿಯ ಮತ್ತು ಹಳದಿಯ ಗೂಡುಗಳು, ಅವುಗಳ ಸುತ್ತ ರೈತರು, ರೀಲರುಗಳು. ಹರಾಜು ಈಗ ವಿದ್ಯುನ್ಮಾನ ರೀತಿಯದಾದರೂ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವ ಕೈಗಳು ಹಳೆಯವೇ.

ಒಂದು ನೂಲುವ ಮನೆಯ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ನೋಡಿದೆವು. ಬಿಸಿನೀರಿನ ಬಾಣಲೆಯಲ್ಲಿ ಕುಣಿಯುವ ಗೂಡುಗಳು. ಪ್ರತಿಯೊಂದರಿಂದ ಕಣ್ಣಿಗೆ ಕಂಡೂ ಕಾಣದಂಥ ಎಳೆ. ಅಂಥ ಹಲವು ಎಳೆಗಳು ಸೇರಿ ಒಂದು ನೂಲು. ಒಂದು ಒಳ್ಳೆಯ ಗೂಡಿನ ಎಳೆ ಸಾವಿರ ಮೀಟರಿನ ಆಸುಪಾಸು ಬರುತ್ತದಂತೆ. ರಾಟೆಯನ್ನು ತುಸು ವೇಗ ಹೆಚ್ಚಿಸಿದರೆ ಎಳೆ ತುಂಡಾಗುತ್ತದೆ. ನಿಧಾನಿಸಿದರೆ ಕೂಲಿ ಗಿಟ್ಟುವುದಿಲ್ಲ. ಎಷ್ಟು ವೇಗಕ್ಕೆ ಎಷ್ಟು ಬಲ ಎಂಬ ಈ ಲೆಕ್ಕವೇ ಅಂದು ಸಂಜೆ ನನ್ನ ಪಾಲಿಗೂ ಕಾದಿತ್ತೆಂದು ನನಗಾಗ ತಿಳಿದಿರಲಿಲ್ಲ.

ಅಲ್ಲಿಂದ ಚಿಂತಾಮಣಿ. ಇದು ವ್ಯಾಪಾರದ ಊರು. ಟೊಮೇಟೊ ಪೆಟ್ಟಿಗೆಗಳ ಲಾರಿಗಳು, ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿಯುವ ಮಾತುಗಳು. ಇಲ್ಲಿಯ ಜನಕ್ಕೆ ಎರಡು ಭಾಷೆಗಳ ನಡುವೆ ಗಡಿಯೇ ಇಲ್ಲ. ಇದೇ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು ತೆಲುಗು ಕನ್ನಡ ಎರಡರಲ್ಲೂ ಹಾಡಿದವರು; ಬಳೆ ಮಾರುವ ವೃತ್ತಿಯಲ್ಲಿದ್ದು ಯೋಗಿಯಾದವರೆಂದು ಅವರ ಕಥೆ. ಕೈವಾರದ ಮಠದಲ್ಲಿ ಮಧ್ಯಾಹ್ನದ ಊಟ ಮುಗಿಸಿ, ತಂದೆಯವರು ಕಲಿಸಿದ್ದ ಹಳ್ಳಿಯ ಶಾಲೆಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತು, ಇಳಿಬಿಸಿಲಿನಲ್ಲಿ ಹಿಂದಕ್ಕೆ ಹೊರಟೆವು.

ಬೆಣ್ಣೆ ಕರಗಿದ್ದು

ಚಿಂತಾಮಣಿಯನ್ನು ಬಿಟ್ಟು ಅರ್ಧ ದಾರಿ ಬಂದಿರಬಹುದು. ಬೆಳಗಿನಿಂದ ಕಾಲಿನಡಿಯಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆ ಇತ್ತು. ಹಳೆಯ ಕಾರಿನ ಸಂಗೀತವೆಂದು ಸುಮ್ಮನಿದ್ದೆ. ಒಂದು ಏರಿನಲ್ಲಿ ಎರಡನೆಯ ಗೇರಿಗೆ ಹಾಕಿದೊಡನೆ ಹಿಡಿಯು ತಾನಾಗಿ ಹಿಂದಕ್ಕೆ ನೆಗೆಯಿತು. ಎಂಜಿನ್ನು ಕೂಗುತ್ತಿದೆ, ಕಾರು ಮುಂದಕ್ಕೆ ಹೋಗುತ್ತಿಲ್ಲ! ಮತ್ತೆ ಹಾಕಿದೆ, ಕರಕರ ಎಂದು ಹಲ್ಲು ಕಡಿದು ಮತ್ತೆ ನೆಗೆಯಿತು. ಹಿಂದಿನ ಲಾರಿಯವನು ಹಾರನ್ನು ಬಾರಿಸಿ, ಪಕ್ಕಕ್ಕೆ ಬಂದು, ತೆಲುಗಿನಲ್ಲಿ ಏನೋ ಹೇಳಿ ಹೋದ. ಅದರ ಅನುವಾದ ಬೇಡ.

ಹೇಗೋ ಒಂದನೆಯ ಗೇರಿನಲ್ಲಿ ತೆವಳಿಕೊಂಡು ಶಿಡ್ಲಘಟ್ಟದ ಅಂಚಿಗೆ ಬಂದೆವು. ಅಲ್ಲೊಂದು ತಗಡಿನ ಶೆಡ್ಡು; ಮುಂದೆ ನೂಲುವ ಯಂತ್ರಗಳ ಹಲ್ಲುಚಕ್ರಗಳ ರಾಶಿ, ಎರಡು ಹಳೆಯ ಜೀಪುಗಳು. ಐವತ್ತೈದರ ಮೇಸ್ತ್ರಿಯೊಬ್ಬರು ಕೈ ಒರೆಸಿಕೊಳ್ಳುತ್ತ ಹೊರಬಂದರು. ಬಾನೆಟ್ಟನ್ನು ಎತ್ತಲೇ ಇಲ್ಲ. "ಕ್ಲಚ್ ಒತ್ತಿ. ಬಿಡಿ. ಈಗ ಒತ್ತಿ" ಎಂದು ಕಿವಿಗೊಟ್ಟು ನಿಂತರು. ಆಮೇಲೆ ಪ್ರಶ್ನೆಗಳು: "ಟಾಪ್ ಗೇರಲ್ಲಿ ಸದ್ದು ಕಡಿಮೆ ಆಗುತ್ತಾ?"

"ಹೌದು, ಕಡಿಮೆ."

"ಹಂಗಾದ್ರೆ ಲೇ ಶಾಫ್ಟಿನ ಬೇರಿಂಗ್ ಹೋಗಿದೆ. ಟಾಪ್‌ನಲ್ಲಿ ಬಲ ನೇರ ಹಿಂದಕ್ಕೆ ಹೋಗುತ್ತೆ, ಕೆಳಗಿನ ಶಾಫ್ಟಿಗೆ ಭಾರ ಇರಲ್ಲ. ಮಿಕ್ಕಿದ್ದಕ್ಕೆಲ್ಲ ಅದೇ ಹೊರಬೇಕು."

ನಾಡಿ ನೋಡಿಯೇ ರೋಗ ಹೇಳುವ ಹಳೆಯ ವೈದ್ಯರ ಬಗೆಗೆ ಓದಿದ್ದೆ. ಅಂಥವರನ್ನು ಎದುರಿಗೇ ಕಂಡೆ. ಅಷ್ಟರಲ್ಲಿ ಅವರ ದೃಷ್ಟಿ ಮುಂದಿನ ಆಸನದತ್ತ ಹೋಯಿತು. ತಟ್ಟನೆ ಹೆಗಲ ಮೇಲಿನ ಬಟ್ಟೆ ತೆಗೆದರು.

"ದೊಡ್ಡ ಮೇಷ್ಟ್ರಲ್ಲವಾ? ನಮಸ್ಕಾರ ಸಾ! ಆರನೇ ಕ್ಲಾಸಲ್ಲಿ ನಮ್ಮಪ್ಪ ನನ್ನ ಬಿಡಿಸಿ ಗ್ಯಾರೇಜಿಗೆ ಹಾಕಿದಾಗ ನೀವು ಮನೆಗೇ ಬಂದು ಜಗಳ ಮಾಡಿದ್ರಿ."

ತಂದೆಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಜಗಳ ಸೋತೆನಲ್ಲಪ್ಪ" ಎಂದರು.

"ಸೋತ್ರೂ ಐದರ ಮಗ್ಗಿ ಕಲಿಸಿದ್ರಿ ಸಾ. ಅದರಲ್ಲೇ ಅನ್ನ ತಿಂತಿದೀನಿ" ಎಂದು ನಕ್ಕರು. ಅದರ ಅರ್ಥ ನಮಗೆ ತಿಳಿದದ್ದು ಆಮೇಲೆ.

ಶೆಡ್ಡಿನಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಫೋನಿನಲ್ಲೇ ವಿಚಾರಿಸಿದಾಗ ಕೇಳಿದ ಮೊತ್ತ ಕಾರಿನ ಬೆಲೆಯ ಅರ್ಧಕ್ಕಿಂತ ಮೇಲಿತ್ತು. ಮೇಸ್ತ್ರಿಯವರೇ ದಾರಿ ತೋರಿಸಿದರು. "ಎರಡನೇದನ್ನ ಮರೆತುಬಿಡಿ ಮೇಷ್ಟ್ರೇ. ಒಂದರಲ್ಲಿ ಎಬ್ಬಿಸಿ, ಮೂರಕ್ಕೆ ಹಾಕಿ, ಮೆಲ್ಲಗೆ ಮನೆ ಸೇರಿಕೊಳ್ಳಿ. ಅಂಗಳದಲ್ಲೇ ಬಿಚ್ಚೋಣ. ಭಾನುವಾರ ಭಾನುವಾರ ನಾನು ಬರ್ತೀನಿ. ಮಧ್ಯದ ದಿನಗಳಲ್ಲಿ ನೀವು ದುಡೀಬೇಕು."

"ಏಪ್ರಿಲ್ ೨೫ರೊಳಗೆ ಆಗುತ್ತದೆಯೆ?" ಎಂದೆ.

ಅವರು ತಂದೆಯವರ ಕಡೆ ನೋಡಿದರು. ಆ ತಾರೀಕು ಈ ಸೀಮೆಯವರಿಗೆ ವಿವರಿಸಬೇಕಾದುದಲ್ಲ. "ಆಗಿಸೋಣ" ಎಂದರು.

ಅಂಗಳದ ಶಸ್ತ್ರಚಿಕಿತ್ಸೆ

ನನ್ನಂತೆಯೇ ಗೇರುಪೆಟ್ಟಿಗೆಯ ಒಳಗನ್ನು ಕಾಣದ ಓದುಗರಿಗಾಗಿ ಎರಡು ಮಾತು. ಎಂಜಿನ್ನು ವೇಗವಾಗಿ ತಿರುಗಿದಾಗ ಮಾತ್ರ ಬಲ ಕೊಡುವ ಪ್ರಾಣಿ. ಆದರೆ ಕಾರು ನಿಂತಲ್ಲಿಂದ ಏಳುವಾಗ, ಏರು ಹತ್ತುವಾಗ, ಗಾಲಿಗೆ ಬೇಕಾದದ್ದು ವೇಗವಲ್ಲ, ಬಲ. ಸಣ್ಣ ಹಲ್ಲುಚಕ್ರವೊಂದು ದೊಡ್ಡ ಹಲ್ಲುಚಕ್ರವನ್ನು ತಿರುಗಿಸಿದರೆ ವೇಗ ಕುಗ್ಗಿ ಬಲ ಹೆಚ್ಚುತ್ತದೆ. ಇಂಥ ಜೋಡಿಗಳನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟ ಪೆಟ್ಟಿಗೆಯೇ ಗೇರುಪೆಟ್ಟಿಗೆ. ತೊಡಕು ಇರುವುದು ಒಂದು ಜೋಡಿಯಿಂದ ಇನ್ನೊಂದಕ್ಕೆ ದಾಟುವಾಗ. ಎರಡು ಭಾಗಗಳ ವೇಗ ಸಮನಾಗದೆ ಹಲ್ಲಿಗೆ ಹಲ್ಲು ಕೊಟ್ಟರೆ ಕರಕರ. ಇದಕ್ಕೆ ಮದ್ದು ಹಿತ್ತಾಳೆಯ ಒಂದು ಉಂಗುರ. ಅದು ಶಂಕುವಿನಾಕಾರದ ಮೈಗೆ ಮೊದಲು ಉಜ್ಜಿ, ಎರಡರ ವೇಗವನ್ನೂ ಒಂದು ಮಾಡಿ, ಆಮೇಲೆ ಹಲ್ಲುಗಳನ್ನು ಕೂಡಿಸುತ್ತದೆ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ೧೯೨೮ರಲ್ಲಿ ಬಂದ ಉಪಾಯವಿದು. ನನಗೆ ಕೂಡಲೇ ನೆನಪಾದದ್ದು ಆಗಮಸಂಧಿ. 'ಮನೆ'ಗೂ 'ಅನ್ನು'ವಿಗೂ ನಡುವೆ ಒಂದು ಯಕಾರ ಬಂದು 'ಮನೆಯನ್ನು' ಎಂದು ಮೆತ್ತಗೆ ಬೆಸೆಯುವುದಿಲ್ಲವೆ? ನಮ್ಮ ಪದ್ಮಿನಿಯ ಎರಡನೆಯ ಗೇರಿನ ಯಕಾರ ಸವೆದುಹೋಗಿತ್ತು.

ಮೊದಲ ಭಾನುವಾರ ಮೇಸ್ತ್ರಿಯವರು ಮೊಪೆಡ್ಡಿನಲ್ಲಿ ಬಂದರು. ಅವರು ಹಾಕಿಕೊಟ್ಟ ಮೊದಲ ನಿಯಮ: ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಇಡಬಾರದು. ನಾಲ್ಕೂ ಕಡೆ ದಪ್ಪನೆಯ ಮರದ ತುಂಡುಗಳನ್ನು ಕೊಟ್ಟು, ಕೈಯಿಂದ ಅಲ್ಲಾಡಿಸಿ ನೋಡಿದ ಮೇಲೆಯೇ ಒಳಗೆ ತೂರಿದೆವು. ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ಟಿಗೆಯ ಅಡಿಯ ಬಿರಡೆಯನ್ನು ತೆಗೆದಾಗ ಬಾಣಲೆಗೆ ಬಿದ್ದ ಎಣ್ಣೆ ಅಂಬಲಿಯಂತಿತ್ತು. ಮೇಸ್ತ್ರಿಯವರು ಬೆರಳಲ್ಲಿ ತೆಗೆದು ಉಜ್ಜಿ ನೋಡಿ, ನನ್ನ ಅಂಗೈಗೆ ಹಾಕಿದರು. ಮರದ ಹೊಟ್ಟು!

"ಸದ್ದು ಕೇಳಬಾರದು ಅಂತ ಮಾರೋವಾಗ ತುಂಬ್ತಾರೆ. ಕೆಲವರು ಬಾಳೆಹಣ್ಣಿನ ಸಿಪ್ಪೆನೂ ಹಾಕ್ತಾರೆ. ಒಂದೆರಡು ತಿಂಗಳು ಬೆಣ್ಣೆ ಇದ್ದಂಗೇ ಇರುತ್ತೆ" ಎಂದರು.

ಜಗಲಿಯ ಮೇಲಿಂದ ತಂದೆಯವರು ಎಲ್ಲವನ್ನೂ ಕೇಳುತ್ತಿದ್ದರು. ನನಗೆ ದಲ್ಲಾಳಿಯ ಮೇಲೆ ಬಂದ ಸಿಟ್ಟಿಗಿಂತ, ಅವರ ಮುಂದೆ ಆದ ನಾಚಿಕೆ ದೊಡ್ಡದಾಗಿತ್ತು.

ಮುಂದಿನ ಕೆಲಸ ಕ್ರಮವಾಗಿ ನಡೆಯಿತು. ಹಿಂದಿನ ಗಾಲಿಗಳಿಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕಳಚುವ ಮೊದಲು, ಕೂಡಿದ ಎರಡು ಬಿಲ್ಲೆಗಳ ಮೇಲೂ ಉಳಿಯಿಂದ ಒಂದು ಗೆರೆ. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡದಿದ್ದರೆ ಕಾರು ನಡುಗುತ್ತದೆ. ಸ್ಪೀಡೋಮೀಟರಿನ ಕೇಬಲ್ಲು, ಗೇರಿನ ಸರಳುಗಳು, ಕ್ಲಚ್ಚಿನ ಸಂಧಿ, ಒಂದೊಂದಾಗಿ ಕಳಚಿದವು. ನನ್ನ ಶ್ರೀಮತಿ ತೆಂಗಿನ ಕರಟಗಳನ್ನು ಸಾಲಾಗಿಟ್ಟು, ಯಾವ ಬೋಲ್ಟು ಎಲ್ಲಿಯದೆಂದು ಚೀಟಿ ಬರೆದು ಹಾಕುತ್ತ ಬಂದಳು. ಈ ಕರಟಗಳಿಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ. ಎಂಜಿನ್ನಿನ ಹಿಂಭಾಗಕ್ಕೆ ಮರದ ಆಸರೆ ಕೊಟ್ಟು, ಇಬ್ಬರೂ ಎದೆಯ ಮೇಲೆ ಭಾರ ತೆಗೆದುಕೊಂಡು, ಓರೆಯಾಗದಂತೆ ನೇರ ಹಿಂದಕ್ಕೆ ಎಳೆದಾಗ ಪೆಟ್ಟಿಗೆ ಕೈಗೆ ಬಂತು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬಿಚ್ಚಿದೆವು. ಹಲ್ಲುಚಕ್ರಗಳು ಆಶ್ಚರ್ಯಕರವಾಗಿ ಗಟ್ಟಿಯಾಗಿದ್ದವು. ಲೇ ಶಾಫ್ಟಿನ ಬೇರಿಂಗಿನ ಮೈಯೆಲ್ಲ ಸಿಡುಬಿನ ಕಲೆ. ಎರಡನೆಯ ಗೇರಿನ ಉಂಗುರದ ಒಳಗಿನ ಗೀರುಗಳು ನಯವಾಗಿ ಸವೆದಿದ್ದವು. ಗೇರನ್ನು ಸ್ಥಾನದಲ್ಲಿ ಹಿಡಿದಿಡುವ ಗುಂಡಿನ ಹಿಂದಿನ ಸ್ಪ್ರಿಂಗು ಎರಡು ತುಂಡು. ಗೇರು ನೆಗೆಯುತ್ತಿದ್ದುದರ ಗುಟ್ಟು ಇಷ್ಟೆ. ಗಟ್ಟಿಯಾಗಿದ್ದ ಆಯಿಲ್ ಸೀಲಿನಿಂದ ಎಣ್ಣೆ ಸೋರಿ, ಒಣಗಿ, ಇಷ್ಟೆಲ್ಲ ಆಗಿತ್ತು. ತಯಾರಿಸಿದವರ ತಪ್ಪಲ್ಲ, ನಲವತ್ತು ವರ್ಷ ದುಡಿಸಿಕೊಂಡು ಎಣ್ಣೆ ನೋಡದವರ ತಪ್ಪು.

ಆಗ ಐದರ ಮಗ್ಗಿಯ ಅರ್ಥ ತಿಳಿಯಿತು. ಮೇಸ್ತ್ರಿಯವರು ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದರ ಅಂಚಿನ ಅಂಕಿಗಳನ್ನು ತಂದೆಯವರಿಗೆ ತೋರಿಸಿದರು. "ಲೋಕದಲ್ಲಿ ಎಲ್ಲಿ ಮಾಡಿದ್ರೂ ನಂಬರ್ ಒಂದೇ ಸಾ. ೬೨೦೫ ಅಂತಿದ್ರೆ, ಕೊನೇ ಎರಡು ಅಂಕಿ ಸೊನ್ನೆ ಐದು. ಐದೈದಲ ಇಪ್ಪತ್ತೈದು. ಒಳಗಿನ ತೂತು ಇಪ್ಪತ್ತೈದು ಮಿಲಿಮೀಟರ್. ಸೊನ್ನೆ ಆರಿದ್ರೆ ಐದಾರ್ಲ ಮೂವತ್ತು. ಕಾರು ಯಾವುದಾದ್ರೂ ಆಗಲಿ, ನಾನು ಮಗ್ಗಿ ಹೇಳ್ಕೊಂಡು ತರ್ತೀನಿ." ತಂದೆಯವರು ಆ ಎಣ್ಣೆಯ ಕೈಯನ್ನೇ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಸೋತ ಜಗಳದಲ್ಲೂ ಏನೋ ಗೆದ್ದಿದ್ದರು.

ವಾರದ ನಡುವೆ ರಜೆ ಹಾಕಿ ಬೆಂಗಳೂರಿಗೆ ಹೋದೆ. ಬೇರಿಂಗೂ ಸೀಲೂ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಹಿತ್ತಾಳೆಯ ಉಂಗುರ ಮಾತ್ರ ಎಲ್ಲಿಯೂ ಇಲ್ಲ. ಮೂರನೆಯ ಸಲ ಹೋದಾಗ ಶಿವಾಜಿನಗರದ ಗುಜರಿಯಲ್ಲಿ, ಒಂದು ಸತ್ತ ಪದ್ಮಿನಿಯ ಪೆಟ್ಟಿಗೆಯೊಳಗಿಂದ ಸಿಕ್ಕಿತು. ಅಂಗಡಿಯ ವೃದ್ಧರು ಅದನ್ನು ಬಟ್ಟೆಯಲ್ಲಿ ಒರೆಸಿ, ಮಗಳನ್ನು ಧಾರೆಯೆರೆದು ಕೊಡುವವರಂತೆ ಎರಡೂ ಕೈಯಿಂದ ಕೊಟ್ಟರು.

ಹೇಗೂ ಬಿಚ್ಚಿದ್ದೇವಲ್ಲ ಎಂದು ಸವೆದ ಕ್ಲಚ್ ಪ್ಲೇಟನ್ನೂ ಬದಲಿಸಿದೆವು. ಅದನ್ನು ನಟ್ಟನಡುವೆ ಕೂರಿಸದಿದ್ದರೆ ಪೆಟ್ಟಿಗೆ ಮತ್ತೆ ಒಳಗೆ ಹೋಗುವುದಿಲ್ಲ. ಅದಕ್ಕೊಂದು ಗೂಟ ಬೇಕು. ನಮ್ಮಲ್ಲಿರಲಿಲ್ಲ. ನನ್ನ ಶ್ರೀಮತಿ ಒಳಗಿನಿಂದ ಲಟ್ಟಣಿಗೆ ತಂದು, ಅದರ ಹಿಡಿಗೆ ಕಾಗದ ಸುತ್ತಿ ಅಳತೆಗೆ ತಂದಳು. ಮೇಸ್ತ್ರಿಯವರು, "ಅಮ್ಮಾ, ನಿಮಗೆ ಶೆಡ್ಡಲ್ಲಿ ಕೆಲಸ ಇದೆ" ಎಂದರು. ಎಲ್ಲ ಕೂಡಿಸಿ, ಪಕ್ಕದ ಬಿರಡೆಯ ತೂತಿನಿಂದ ಹೊರಚೆಲ್ಲುವವರೆಗೆ ತೊಂಬತ್ತನೆಯ ನಂಬರಿನ ಎಣ್ಣೆ ತುಂಬಿದೆವು. ಆ ತೂತಿನ ಮಟ್ಟವೇ ಎಣ್ಣೆಯ ಮಟ್ಟ.

ಏಪ್ರಿಲ್ ೨೩ರ ಸಂಜೆ ಕಾರನ್ನು ಇಳಿಸಿದೆವು. ಒಂದು, ಮೂರು, ನಾಲ್ಕು ಬಿದ್ದವು. ಎರಡನೆಯದು ಬೀಳಲೇ ಇಲ್ಲ! ಮೇಸ್ತ್ರಿಯವರು ಊರಿಗೆ ಹೋಗಿಯಾಗಿತ್ತು. ಜಗಲಿಯ ಮೇಲಿದ್ದ ತಂದೆಯವರು ಏನೂ ಕೇಳದೆ ಎದ್ದು ಒಳಗೆ ಹೋದರು. ಆ ಮೌನವನ್ನು ನಾನು ಬೇಗ ಮರೆಯಲಾರೆ. ಮರುದಿನ ಬೆಳಗ್ಗೆ ಫೋನಿನಲ್ಲಿ ಮೇಸ್ತ್ರಿಯವರು, "ಪೆಟ್ಟಿಗೆ ಬಿಚ್ಚಬೇಡಿ ಮೇಷ್ಟ್ರೇ. ಸ್ಟೀರಿಂಗಿಂದ ಇಳಿದು ಬರೋ ಸರಳಿನ ನಟ್ಟು ಎರಡು ಸುತ್ತು ತಿರುಗಿಸಿ, ಸರಳು ಉದ್ದ ಆಗಿದೆ ಅಷ್ಟೆ" ಎಂದರು. ಕಾರಿನ ಕೆಳಗೆ ಮಲಗಿ ಎರಡು ಸುತ್ತು ತಿರುಗಿಸಿದೆ. ಹಿಡಿ ಎಳೆದೆ. ಟಕ್ ಎಂದು ಎರಡನೆಯ ಗೇರು ತನ್ನ ಮನೆಯಲ್ಲಿ ಕುಳಿತಿತು.

ಪಡುವಣ ದಾರಿ

ಏಪ್ರಿಲ್೨೫ರ ಬೆಳಗ್ಗೆ ಆರು ಗಂಟೆಗೆ ತಂದೆಯವರು ಗೂಟದಿಂದ ಕೈಚೀಲವನ್ನು ತೆಗೆದರು. ಗೌರಿಬಿದನೂರು ನಮ್ಮೂರಿನಿಂದ ವಾಯುವ್ಯಕ್ಕೆ, ಮಂಚೇನಹಳ್ಳಿಯ ಮೇಲೆ. ದಾರಿಯುದ್ದಕ್ಕೂ ಬೋಳುಬಂಡೆಯ ಗುಡ್ಡಗಳು, ನಡುವೆ ಜೋಳದ ಹೊಲಗಳು. ಏರು ಬಂದಾಗಲೆಲ್ಲ ನನ್ನ ಕೈ ಹಿಡಿಯ ಮೇಲೆ ಬಿಗಿಯುತ್ತಿತ್ತು. ಎರಡನೆಯ ಗೇರು ಮಾತ್ರ ಸದ್ದಿಲ್ಲದೆ ದುಡಿಯುತ್ತಿತ್ತು. ಈ ತಾಲ್ಲೂಕಿನ ಹೊಸೂರಿನಲ್ಲೇ ಡಾ. ಎಚ್. ನರಸಿಂಹಯ್ಯನವರು ೧೯೨೦ರಲ್ಲಿ ಹುಟ್ಟಿದ್ದು. ಓದುವ ಹಂಬಲದಿಂದ ಬಾಲಕನಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದವರು, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. "ನೋಡು, ಅವರಿಗೆ ಯಾವ ಗೇರೂ ಇರಲಿಲ್ಲ" ಎಂದರು ತಂದೆಯವರು. ಬಹಳ ದಿನಗಳ ಮೇಲೆ ಅವರ ಬಾಯಲ್ಲಿ ಬಂದ ಹಾಸ್ಯ.

ಗೌರಿಬಿದನೂರಿನಿಂದ ಆರು ಕಿಲೋಮೀಟರಿನಷ್ಟು ದೂರ, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ. ಮಹಾಭಾರತದ ವಿದುರನು ಇಲ್ಲಿ ಅಶ್ವತ್ಥವನ್ನು ನೆಟ್ಟನೆಂಬುದು ಸ್ಥಳಪುರಾಣ. ಎಲ್ಲಿ ನೋಡಿದರೂ ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳು, ಅರಿಸಿನ ಕುಂಕುಮ ಮೆತ್ತಿಕೊಂಡು ಸಾಲುಸಾಲಾಗಿ. ೧೯೩೮ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು ಎರಡು ವಾರ ಕಳೆದಿತ್ತಷ್ಟೆ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಬಾವುಟ ಏರಿಸುವುದಕ್ಕೆ ಅಡ್ಡಿ. ನಿಷೇಧಾಜ್ಞೆಯನ್ನು ಲೆಕ್ಕಿಸದೆ ಇಲ್ಲಿಗೆ ಸಾವಿರಾರು ಜನ ಬಂದರು. ಗುಂಡು ಹಾರಿತು. ಸತ್ತವರ ಸಂಖ್ಯೆ ಸರ್ಕಾರದ ಪ್ರಕಾರ ಹತ್ತರ ಆಸುಪಾಸು; ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಇದನ್ನು ಕರೆಯುವುದುಂಟು. ಆ ನೆತ್ತರು ವ್ಯರ್ಥವಾಗಲಿಲ್ಲ. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿ, ಸಂಸ್ಥಾನದ ಬಾವುಟದ ಜೊತೆಗೆ ಆ ಬಾವುಟವೂ ಹಾರಬಹುದೆಂಬ ಒಪ್ಪಂದವಾಯಿತು.

ಹುತಾತ್ಮರ ಸ್ಮಾರಕದವರೆಗೆ ತಂದೆಯವರು ನನ್ನ ತೋಳು ಹಿಡಿದು ನಡೆದರು. ಕೊನೆಯ ನಾಲ್ಕು ಹೆಜ್ಜೆಗೆ ನನ್ನ ಕೈ ಬಿಡಿಸಿಕೊಂಡರು. ಬಾಳೆಯೆಲೆಯಿಂದ ಸೇವಂತಿಗೆಯನ್ನು ತೆಗೆದು ಇಟ್ಟು, ಕಲ್ಲಿನ ಮೇಲೆ ಅಂಗೈ ಊರಿ ನಿಂತರು. ಒಂದಲ್ಲ, ಮೂರು ಹೂಗಳಿದ್ದವು. ತಪ್ಪಿಹೋದ ವರ್ಷಗಳ ಬಾಕಿಯೂ ಸೇರಿ ನಾಲ್ಕಾಗಬೇಕಿತ್ತಲ್ಲ ಎಂದು ನಾನು ಎಣಿಸುವಷ್ಟರಲ್ಲಿ, ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟರು. "ಇನ್ನು ಮುಂದೆ ನೀನೂ ಇಡು" ಎಂದರು. ಇಟ್ಟೆ. ನನ್ನ ಉಗುರುಸಂದಿಯಲ್ಲಿ ಇನ್ನೂ ಎಣ್ಣೆಯ ಕಪ್ಪಿತ್ತು.

ಹಿಂದಿರುಗುವಾಗ ಕಾರು ಪೂರ್ತಿ ನಿಲ್ಲುವ ಮೊದಲೇ ಒಂದನೆಯ ಗೇರಿಗೆ ಹಾಕಲು ಹೋದೆ, ಕರಕರ ಎಂದಿತು. ತಂದೆಯವರು ಗಾಬರಿಯಿಂದ ನೋಡಿದರು. ಅದು ರಿಪೇರಿಯ ದೋಷವಲ್ಲ, ನಮ್ಮ ಕಾರಿನ ಮಾದರಿಯಲ್ಲಿ ಒಂದನೆಯದಕ್ಕೆ ಆ ಹಿತ್ತಾಳೆಯ ಉಂಗುರವೇ ಇಲ್ಲ, ಕಾರು ನಿಂತ ಮೇಲೆಯೇ ಹಾಕಬೇಕು ಎಂದು ವಿವರಿಸಿದೆ.

"ಹಾಗಾದರೆ ನಿಂತೇ ಹಾಕು" ಎಂದರು ಅವರು, ಮೊಣಕಾಲನ್ನು ಮುಂದಕ್ಕೆ ನೀಡಿಕೊಳ್ಳುತ್ತ. "ನಮಗೇನೂ ಅವಸರವಿಲ್ಲ. ಇನ್ನು ಒಂದು ವರ್ಷ ಸಮಯವಿದೆ."